ದಾಸ್ತಾನಿಗೆ ನೀಡಿದ ಗೃಹಬಳಕೆಯ ವಸ್ತುಗಳು ಹಾನಿಗೊಳಗಾದಲ್ಲಿ ಅಥವಾ ಕಳೆದುಹೋದಲ್ಲಿ ಪರಿಹಾರ ಪಡೆಯುವ ವಿಧಾನ

(ಬೆಂಗಳೂರು ದಂಡು ಪ್ರದೇಶ, ಶಿವಾಜಿನಗರ, ಹಲಸೂರು, ಇಂದಿರಾನಗರ ಹಾಗೂ ಕೃಷ್ಣರಾಜಪುರ ಭಾಗದ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಬೆಂಗಳೂರು ನಗರದ ಪೂರ್ವ ಭಾಗದಲ್ಲಿ ವರ್ಗಾವಣೆಯ ಮೇಲೆ ಬಂದು ಹೋಗುವ ಸೇನಾ ಕುಟುಂಬಗಳು, ಕೇಂದ್ರ ಸರ್ಕಾರಿ ನೌಕರರು, ಮಾಹಿತಿ ತಂತ್ರಜ್ಞಾನ ಸಂಸ್ಥೆಗಳ ಉದ್ಯೋಗಿಗಳು ಹಾಗೂ ಬಾಡಿಗೆ ಮನೆಗಳಲ್ಲಿ ವಾಸಿಸುವವರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಮನೆ ಬದಲಾಯಿಸುವಾಗ, ಪರಸ್ಥಳಕ್ಕೆ ಅಥವಾ ವಿದೇಶಕ್ಕೆ ತೆರಳುವಾಗ, ಮನೆಯ ದುರಸ್ತಿಯ ಕಾಲದಲ್ಲಿ ಸಾಮಾನುಗಳನ್ನು ಖಾಸಗಿ ಗೋದಾಮು ಅಥವಾ ಪ್ಯಾಕರ್ಸ್ ಅಂಡ್ ಮೂವರ್ಸ್ ಸಂಸ್ಥೆಗಳ ಸುಪರ್ದಿಗೆ ನೀಡುವುದು ವಾಡಿಕೆಯಾಗಿರುತ್ತದೆ. ಹಿಂಪಡೆಯುವ ವೇಳೆ ಪೆಟ್ಟಿಗೆಗಳು ಕಡಿಮೆಯಾಗಿರುವುದು, ಮರದ ಸಾಮಾನುಗಳಿಗೆ ಗೆದ್ದಲು ಹಿಡಿದಿರುವುದು, ರೇಷ್ಮೆ ಸೀರೆಗಳು ತೇವದಿಂದ ಹಾಳಾಗಿರುವುದು, ವಿದ್ಯುತ್ ಉಪಕರಣಗಳು ಒಡೆದಿರುವುದು ಕಂಡುಬಂದಾಗ ಬಹುತೇಕರು ಮುಂದೇನು ಮಾಡಬೇಕೆಂದು ತಿಳಿಯದೆ ಕಾಲಮಿತಿ ಮೀರಿದ ನಂತರ ಕಚೇರಿಗಳಿಗೆ ಬರುತ್ತಾರೆ. ಇಂತಹವರ ಅನುಕೂಲಕ್ಕಾಗಿ ಸಂಬಂಧಪಟ್ಟ ಕಾನೂನು, ಕಾಲಮಿತಿ, ದಾಖಲೆ ಹಾಗೂ ದೂರು ಸಲ್ಲಿಸುವ ಕ್ರಮವನ್ನು ಈ ಕೆಳಗೆ ವಿವರಿಸಲಾಗಿದೆ.

2. ಸುಪರ್ದಿಗೆ ಪಡೆದವರ ಹೊಣೆಗಾರಿಕೆ

ಒಂದು ಉದ್ದೇಶಕ್ಕಾಗಿ ವಸ್ತುವನ್ನು ಒಬ್ಬರು ಮತ್ತೊಬ್ಬರ ವಶಕ್ಕೆ ಒಪ್ಪಿಸಿ, ಆ ಉದ್ದೇಶ ಮುಗಿದ ನಂತರ ಅದನ್ನು ಹಿಂದಿರುಗಿಸಬೇಕೆಂಬ ಕರಾರನ್ನು ಭಾರತೀಯ ಕರಾರು ಅಧಿನಿಯಮ, 1872ರ 148ನೇ ಪ್ರಕರಣದಲ್ಲಿ ನಿಕ್ಷೇಪವೆಂದು ಕರೆಯಲಾಗಿದೆ. ಗೋದಾಮಿನವರು, ಡ್ರೈಕ್ಲೀನಿಂಗ್ ಅಂಗಡಿಯವರು, ದುರಸ್ತಿಗೆ ಸಾಮಾನು ಪಡೆದವರು ಎಲ್ಲರೂ ಈ ವ್ಯಾಪ್ತಿಗೆ ಬರುತ್ತಾರೆ. ಮುಖ್ಯವಾದ ಪ್ರಕರಣಗಳು ಈ ಕೆಳಕಂಡಂತಿವೆ.

(ಅ) 151ನೇ ಪ್ರಕರಣ: ಸಾಮಾನ್ಯ ವಿವೇಕವುಳ್ಳ ವ್ಯಕ್ತಿಯು ಅದೇ ಪ್ರಮಾಣ, ಗುಣ ಮತ್ತು ಮೌಲ್ಯದ ತನ್ನ ಸ್ವಂತ ವಸ್ತುಗಳ ಬಗ್ಗೆ ವಹಿಸುವಷ್ಟು ಎಚ್ಚರಿಕೆಯನ್ನು ಸುಪರ್ದಿಗೆ ಪಡೆದವರು ವಹಿಸತಕ್ಕದ್ದು.
(ಆ) 152ನೇ ಪ್ರಕರಣ: ವಿಶೇಷ ಕರಾರು ಇಲ್ಲದಿದ್ದಲ್ಲಿ, ಮೇಲ್ಕಂಡ ಎಚ್ಚರಿಕೆ ವಹಿಸಿದ್ದರೂ ನಷ್ಟವಾದರೆ ಅವರು ಹೊಣೆಗಾರರಲ್ಲ.
(ಇ) 154ನೇ ಪ್ರಕರಣ: ಕರಾರಿಗೆ ವಿರುದ್ಧವಾಗಿ ವಸ್ತುವನ್ನು ಬಳಸಿ ಹಾನಿಯಾದರೆ ಪರಿಹಾರ ನೀಡತಕ್ಕದ್ದು.
(ಈ) 161ನೇ ಪ್ರಕರಣ: ತಮ್ಮ ತಪ್ಪಿನಿಂದಾಗಿ ಸಕಾಲದಲ್ಲಿ ವಸ್ತುವನ್ನು ಹಿಂದಿರುಗಿಸದಿದ್ದರೆ, ಆ ಕಾಲದಿಂದ ಮುಂದಾಗುವ ನಷ್ಟಕ್ಕೆ ಅವರೇ ಹೊಣೆಗಾರರು.

ವಸ್ತುವನ್ನು ಒಪ್ಪಿಸಿದ್ದು ಮತ್ತು ಅದು ಹಿಂದಿರುಗಿ ಬಾರದಿರುವುದು ಅಥವಾ ಹಾಳಾಗಿ ಬಂದಿರುವುದು ಇವೆರಡನ್ನು ಗ್ರಾಹಕರು ತೋರಿಸಿದಲ್ಲಿ, ತಕ್ಕ ಎಚ್ಚರಿಕೆ ವಹಿಸಲಾಗಿತ್ತೆಂದು ರುಜುವಾತುಪಡಿಸುವ ಭಾರವು ಸಾಮಾನ್ಯವಾಗಿ ಸುಪರ್ದಿಗೆ ಪಡೆದವರ ಮೇಲೆ ಬೀಳುತ್ತದೆ. ಆದ್ದರಿಂದ ಒಪ್ಪಿಸಿದ ದಿನದ ಪಟ್ಟಿಯು ಬಹಳ ಮುಖ್ಯವಾದ ದಾಖಲೆಯಾಗಿರುತ್ತದೆ.

3. “ಮಾಲೀಕರ ಸ್ವಂತ ಹೊಣೆಯಲ್ಲಿ” ಎಂಬ ಷರತ್ತು

ರಸೀದಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಿಸಿದ ಇಂತಹ ಷರತ್ತನ್ನು ತೋರಿಸಿ ಪರಿಹಾರ ನಿರಾಕರಿಸುವುದು ಸಾಮಾನ್ಯವಾಗಿದೆ. ಹೋಟೆಲಿನ ಸಿಬ್ಬಂದಿಯ ವಶಕ್ಕೆ ನೀಡಿದ ಕಾರು ಕಳುವಾದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ನವೆಂಬರ್ 14ರಂದು ನೀಡಿದ ತೀರ್ಪಿನಂತೆ, ತನ್ನ ಅಥವಾ ತನ್ನ ನೌಕರರ ನಿರ್ಲಕ್ಷ್ಯದಿಂದಾದ ನಷ್ಟದ ಹೊಣೆಯನ್ನು ಚೀಟಿಯ ಮೇಲಿನ ಇಂತಹ ಷರತ್ತಿನ ಮೂಲಕ ಹೋಟೆಲು ಕಳಚಿಕೊಳ್ಳುವಂತಿಲ್ಲ. ಆದುದರಿಂದ ಷರತ್ತು ಮುದ್ರಿತವಾಗಿದೆಯೆಂಬ ಒಂದೇ ಕಾರಣಕ್ಕೆ ಗ್ರಾಹಕರು ದೂರನ್ನು ಕೈಬಿಡುವ ಅವಶ್ಯಕತೆಯಿಲ್ಲ. ಕರಾರೇ ಅನ್ಯಾಯಯುತವಾಗಿದೆ ಎಂಬುದು ದೂರಿನ ಆಧಾರವಾಗಿದ್ದಲ್ಲಿ ಅಂತಹ ದೂರನ್ನು ರಾಜ್ಯ ಆಯೋಗಕ್ಕೆ ಸಲ್ಲಿಸತಕ್ಕದ್ದು.

4. ಮಳೆ, ಪ್ರವಾಹ ಮತ್ತು ಬೆಂಕಿಯಿಂದಾದ ಹಾನಿ

2022ರ ಸೆಪ್ಟೆಂಬರ್ 4ರ ರಾತ್ರಿ ಸುರಿದ ಭಾರಿ ಮಳೆಯಿಂದ ಮಹದೇವಪುರ, ಬೆಳ್ಳಂದೂರು ಹಾಗೂ ಹೊರವರ್ತುಲ ರಸ್ತೆಯ ಅನೇಕ ಬಡಾವಣೆಗಳ ನೆಲಮಾಳಿಗೆಗಳು ಜಲಾವೃತಗೊಂಡಿದ್ದವು. ಇಂತಹ ಸಂದರ್ಭಗಳಲ್ಲಿ ಗೋದಾಮಿನವರು ದೈವಿಕ ಘಟನೆಯೆಂಬ ಕಾರಣ ನೀಡುತ್ತಾರೆ. ಮಳೆ ಬಂದಿತೆಂಬುದಷ್ಟೇ ಅಲ್ಲದೆ, ಸಂಸ್ಥೆಯವರು ವಿವೇಕದಿಂದ ನಡೆದುಕೊಂಡಿದ್ದರೇ ಎಂಬುದು ಪರಿಶೀಲನೆಗೆ ಬರುತ್ತದೆ. ಹಿಂದೆಯೂ ನೀರು ನುಗ್ಗಿದ್ದ ನೆಲಮಾಳಿಗೆಯಲ್ಲಿ ಸಾಮಾನುಗಳನ್ನು ನೆಲದ ಮೇಲೆಯೇ ಇಟ್ಟಿದ್ದರೆ, ಸೋರುವ ಛಾವಣಿಯನ್ನು ದುರಸ್ತಿ ಮಾಡಿಸದಿದ್ದರೆ, ನೀರು ನಿಂತ ನಂತರವೂ ಗ್ರಾಹಕರಿಗೆ ತಿಳಿಸದೆ ದಿನಗಟ್ಟಲೆ ಒದ್ದೆಯಾಗಲು ಬಿಟ್ಟಿದ್ದರೆ ನಿರ್ಲಕ್ಷ್ಯದ ಆರೋಪಕ್ಕೆ ಆಧಾರವಿರುತ್ತದೆ. ಆ ದಿನದ ಮಳೆಯ ಪ್ರಮಾಣಕ್ಕೆ ಭಾರತೀಯ ಹವಾಮಾನ ಇಲಾಖೆ ಅಥವಾ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಹಿತಿಯನ್ನು ಪಡೆದು ಲಗತ್ತಿಸಬಹುದು.

ಬೆಂಕಿ ಅನಾಹುತವಾಗಿದ್ದಲ್ಲಿ ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯ ವರದಿಯನ್ನು ಪಡೆಯತಕ್ಕದ್ದು. ಸದರಿ ಇಲಾಖೆಯ ಕೇಂದ್ರ ಕಚೇರಿಯು ಹಲಸೂರು ಕೆರೆಯ ಸಮೀಪ ಅಣ್ಣಾಸ್ವಾಮಿ ಮೊದಲಿಯಾರ್ ರಸ್ತೆಯಲ್ಲಿದೆ.

5. ಹಾನಿ ತಿಳಿದ ಕೂಡಲೇ ಅನುಸರಿಸಬೇಕಾದ ಕ್ರಮಗಳು

(1) ಸಾಮಾನುಗಳನ್ನು ಹಿಂಪಡೆಯುವಾಗ ಪೆಟ್ಟಿಗೆಗಳನ್ನು ಎಣಿಸಿ, ಸಾಧ್ಯವಾದಷ್ಟನ್ನು ಸ್ಥಳದಲ್ಲಿಯೇ ತೆರೆದು ಪರಿಶೀಲಿಸುವುದು.
(2) “ಸುಸ್ಥಿತಿಯಲ್ಲಿ ಸ್ವೀಕರಿಸಲಾಗಿದೆ” ಎಂಬ ಚೀಟಿಗೆ ಪರಿಶೀಲಿಸದೆ ಸಹಿ ಮಾಡಬಾರದು. ಪರಿಶೀಲನೆಗೆ ಅವಕಾಶ ನೀಡದಿದ್ದಲ್ಲಿ “ಪೆಟ್ಟಿಗೆಗಳನ್ನು ತೆರೆದು ನೋಡಿರುವುದಿಲ್ಲ” ಎಂದು ಸಹಿಯ ಮೇಲೆ ಬರೆಯತಕ್ಕದ್ದು.
(3) ಕಡಿಮೆಯಾದ ಅಥವಾ ಹಾಳಾದ ವಸ್ತುಗಳ ಪಟ್ಟಿಯನ್ನು ಎರಡು ಪ್ರತಿಗಳಲ್ಲಿ ತಯಾರಿಸಿ, ಸಂಸ್ಥೆಯ ಪ್ರತಿನಿಧಿಯ ಸಹಿ ಪಡೆಯುವುದು. ಅವರು ನಿರಾಕರಿಸಿದಲ್ಲಿ ಅದೇ ದಿನ ಇ-ಮೇಲ್ ಮೂಲಕ ಪಟ್ಟಿಯನ್ನು ಕಳುಹಿಸುವುದು.
(4) ಪೆಟ್ಟಿಗೆ, ಮೊಹರು, ಸುತ್ತಿದ ಹಾಳೆ ಹಾಗೂ ಹಾನಿಯ ಛಾಯಾಚಿತ್ರಗಳನ್ನು ತೆಗೆಯುವುದು. ಪರಿಶೀಲನೆ ಮುಗಿಯುವವರೆಗೆ ಹಾಳಾದ ವಸ್ತುಗಳನ್ನು ಎಸೆಯಬಾರದು.
(5) ಬಾಕಿ ಬಾಡಿಗೆಯನ್ನು ಪಾವತಿಸಬೇಕಾಗಿ ಬಂದಲ್ಲಿ “ನಷ್ಟದ ಹಕ್ಕನ್ನು ಕಾಯ್ದಿರಿಸಿ ಪಾವತಿಸಲಾಗಿದೆ” ಎಂದು ಬರೆದು ಪಾವತಿಸುವುದು.
(6) ಶಾಲಾ ಅಂಕಪಟ್ಟಿ, ಕ್ರಯಪತ್ರ ಮುಂತಾದವು ಕಳೆದಿದ್ದಲ್ಲಿ ಪೊಲೀಸ್ ಇಲಾಖೆಯಿಂದ ಕಳೆದುಹೋದ ವರದಿಯನ್ನು ಪಡೆದು, ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ, ನೋಂದಾಯಿತ ಪತ್ರಗಳ ದೃಢೀಕೃತ ನಕಲಿಗೆ ಕಾವೇರಿ ಜಾಲತಾಣದ ಮೂಲಕ ನೋಂದಣಿ ಇಲಾಖೆಗೆ ಅರ್ಜಿ ಸಲ್ಲಿಸುವುದು. ಇದಕ್ಕೆ ತಗಲುವ ವೆಚ್ಚವನ್ನೂ ಪರಿಹಾರದಲ್ಲಿ ಕೋರಬಹುದು.

6. ನಷ್ಟದ ಮೊತ್ತವನ್ನು ಲೆಕ್ಕ ಹಾಕುವ ಕ್ರಮ

ಒಟ್ಟಾರೆಯಾಗಿ “ಐದು ಲಕ್ಷ ರೂಪಾಯಿ ನಷ್ಟವಾಗಿದೆ” ಎಂದು ಬರೆದ ದೂರಿಗಿಂತ ವಸ್ತುವಾರು ಲೆಕ್ಕ ನೀಡಿದ ದೂರಿಗೆ ಹೆಚ್ಚಿನ ಬಲವಿರುತ್ತದೆ. ಪ್ರತಿ ವಸ್ತುವಿನ ಎದುರು ಖರೀದಿಸಿದ ವರ್ಷ, ಬೆಲೆ, ಬಳಸಿದ ಅವಧಿ, ದುರಸ್ತಿಯ ವೆಚ್ಚ ಅಥವಾ ಈಗಿನ ಮೌಲ್ಯ ಹಾಗೂ ಆಧಾರ ದಾಖಲೆಯನ್ನು ನಮೂದಿಸತಕ್ಕದ್ದು.

ಉದಾಹರಣೆಗೆ, ಮೂರು ವರ್ಷಗಳ ಹಿಂದೆ ರೂ. 30,000ಕ್ಕೆ ಖರೀದಿಸಿದ ರೆಫ್ರಿಜಿರೇಟರ್ ಪೂರ್ಣವಾಗಿ ಹಾಳಾಗಿದ್ದು, ವರ್ಷಕ್ಕೆ ಶೇ. 10ರಂತೆ ಸವಕಳಿ ಕಳೆದರೆ ರೂ. 21,000 ಉಳಿಯುತ್ತದೆ. ದುರಸ್ತಿ ಸಾಧ್ಯವಿದ್ದು ಅದಕ್ಕೆ ರೂ. 6,000 ತಗಲುವುದಾದರೆ ಆ ರೂ. 6,000ವನ್ನು ಮಾತ್ರ ಕೋರುವುದು ಸೂಕ್ತ. ಈ ಸವಕಳಿ ದರವು ಕೇವಲ ಉದಾಹರಣೆಯಾಗಿರುತ್ತದೆ. ಖರೀದಿ ರಸೀದಿ ಇಲ್ಲದಿದ್ದಲ್ಲಿ ಬ್ಯಾಂಕ್ ವಿವರಣೆ, ವಾರಂಟಿ ಪತ್ರ, ಮನೆಯಲ್ಲಿ ವಸ್ತುವಿದ್ದ ಹಳೆಯ ಛಾಯಾಚಿತ್ರ, ಅಧಿಕೃತ ದುರಸ್ತಿಗಾರರ ಅಂದಾಜುಪಟ್ಟಿಯನ್ನು ನೀಡಬಹುದು.

ಮದುವೆಯ ಸೀರೆ, ಹಿರಿಯರ ಭಾವಚಿತ್ರ, ಕುಟುಂಬದ ಕಾಗದಪತ್ರಗಳಂತಹ ವಸ್ತುಗಳಿಗೆ ಮಾರುಕಟ್ಟೆಯ ಬೆಲೆ ಅಲ್ಪವಾಗಿದ್ದರೂ ಕುಟುಂಬಕ್ಕೆ ಅವು ಅಮೂಲ್ಯವಾಗಿರುತ್ತವೆ. ಅವುಗಳನ್ನು ವಸ್ತುಗಳ ಲೆಕ್ಕದಲ್ಲಿ ಕಲ್ಪಿತ ಬೆಲೆಗೆ ಸೇರಿಸದೆ, ಮಾನಸಿಕ ವೇದನೆಯ ಪರಿಹಾರವೆಂಬ ಪ್ರತ್ಯೇಕ ಶೀರ್ಷಿಕೆಯಡಿ ಕಾರಣ ಸಹಿತ ಕೋರತಕ್ಕದ್ದು. ಪಾವತಿಸಿದ ಬಾಡಿಗೆಯ ಮರುಪಾವತಿ ಹಾಗೂ ದೂರಿನ ವೆಚ್ಚವನ್ನು ಸಹ ಪ್ರತ್ಯೇಕವಾಗಿ ತೋರಿಸತಕ್ಕದ್ದು.

7. ಸಾಗಾಣಿಕೆಯೂ ಸೇರಿದ್ದಲ್ಲಿ: 180 ದಿನಗಳ ನೋಟಿಸು

ರಸ್ತೆ ಮೂಲಕ ಸಾಗಿಸುವ ಸಾರ್ವಜನಿಕ ಸಾಗಣೆದಾರರಿಗೆ ರಸ್ತೆ ಸಾಗಾಣಿಕೆ ಅಧಿನಿಯಮ, 2007 ಅನ್ವಯಿಸುತ್ತದೆ. ಇದು 2011ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಇದರ 16ನೇ ಪ್ರಕರಣದಂತೆ ಸಾಗಣೆದಾರರ ವಿರುದ್ಧ ಕಾನೂನು ಕ್ರಮಕ್ಕೆ ಮುನ್ನ, ಸಾಮಾನು ಬುಕ್ ಮಾಡಿದ ದಿನಾಂಕದಿಂದ 180 ದಿನಗಳೊಳಗಾಗಿ ಲಿಖಿತ ನೋಟಿಸು ನೀಡಿರತಕ್ಕದ್ದು.

ಸಾರ್ವಜನಿಕರು ವಿಶೇಷವಾಗಿ ಗಮನಿಸಬೇಕಾದ ಅಂಶವೆಂದರೆ, ಈ ಅವಧಿಯು ಹಾನಿ ತಿಳಿದ ದಿನದಿಂದ ಆರಂಭವಾಗದೆ ಬುಕ್ ಮಾಡಿದ ದಿನದಿಂದಲೇ ಆರಂಭವಾಗುತ್ತದೆ. ಸಾಗಿಸಿ ತಂದ ಪೆಟ್ಟಿಗೆಗಳನ್ನು ಎಂಟು ತಿಂಗಳು ಗೋದಾಮಿನಲ್ಲಿಟ್ಟು ನಂತರ ತೆರೆದಲ್ಲಿ, ಸಾಗಾಣಿಕೆಯ ವೇಳೆ ಒಡೆದ ವಸ್ತುವಿನ ಬಗ್ಗೆ ನೋಟಿಸಿನ ಅವಧಿಯು ಅಷ್ಟರಲ್ಲಿ ಮುಗಿದಿರುತ್ತದೆ. ಆದ್ದರಿಂದ ದೀರ್ಘಾವಧಿಗೆ ಇಡುವವರು ಗೋದಾಮಿಗೆ ಸೇರಿದ ಕೂಡಲೇ ಒಮ್ಮೆ ಖುದ್ದಾಗಿ ಅಥವಾ ಪ್ರತಿನಿಧಿಯ ಮೂಲಕ ಪರಿಶೀಲಿಸುವುದು ಸೂಕ್ತ.

ಹೆಚ್ಚಿನ ಮೌಲ್ಯವನ್ನು ಘೋಷಿಸಿ ಅಧಿಕ ದರ ಪಾವತಿಸದಿದ್ದಲ್ಲಿ, ಸಾಗಣೆದಾರರ ಹೊಣೆಯು ಸಾಗಾಣಿಕೆ ಶುಲ್ಕದ ಹತ್ತು ಪಟ್ಟಿಗೆ ಸೀಮಿತವಾಗಿರುತ್ತದೆ. ಶುಲ್ಕ ರೂ. 18,000 ಆಗಿದ್ದಲ್ಲಿ ಮಿತಿಯು ರೂ. 1,80,000 ಆಗುತ್ತದೆ.

8. ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು

1986ರ ಅಧಿನಿಯಮದ ಬದಲಿಗೆ ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019 ಜುಲೈ 2020ರಿಂದ ಜಾರಿಯಲ್ಲಿದೆ. ಮೊದಲು ಸಂಸ್ಥೆಗೆ ಸ್ಪೀಡ್ ಪೋಸ್ಟ್ ಮೂಲಕ 15 ದಿನಗಳ ಕಾಲಾವಕಾಶ ನೀಡಿ ನೋಟಿಸು ಕಳುಹಿಸುವುದು ಒಳ್ಳೆಯದು. ಉತ್ತರ ಬಾರದಿದ್ದಲ್ಲಿ ಅಥವಾ ತೃಪ್ತಿಕರವಾಗಿಲ್ಲದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಸಹಾಯವಾಣಿಯು ಸಂಧಾನಕ್ಕೆ ಪ್ರಯತ್ನಿಸುತ್ತದೆಯೇ ಹೊರತು ಆದೇಶ ನೀಡುವ ಅಧಿಕಾರ ಅದಕ್ಕಿಲ್ಲ. ಆದೇಶ ಬೇಕಾದವರು ಆಯೋಗಕ್ಕೆ ದೂರು ಸಲ್ಲಿಸತಕ್ಕದ್ದು.

(ಅ) ವ್ಯಾಪ್ತಿ: 2021ರ ಡಿಸೆಂಬರ್ 30ರ ನಿಯಮಗಳಂತೆ, ಸೇವೆಗೆ ಪಾವತಿಸಿದ ಮೊತ್ತ ರೂ. 50 ಲಕ್ಷದವರೆಗೆ ಇದ್ದಲ್ಲಿ ಜಿಲ್ಲಾ ಆಯೋಗ, ರೂ. 50 ಲಕ್ಷಕ್ಕಿಂತ ಹೆಚ್ಚು ಹಾಗೂ ರೂ. 2 ಕೋಟಿಯವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲ್ಪಟ್ಟಲ್ಲಿ ರಾಷ್ಟ್ರೀಯ ಆಯೋಗ. ಇಲ್ಲಿ ಗಣನೆಗೆ ಬರುವುದು ಪಾವತಿಸಿದ ಬಾಡಿಗೆಯೇ ಹೊರತು ಕೋರುವ ಪರಿಹಾರವಲ್ಲ. ರೂ. 30,000 ಬಾಡಿಗೆ ನೀಡಿ ರೂ. 8 ಲಕ್ಷ ಪರಿಹಾರ ಕೋರುವವರೂ ಜಿಲ್ಲಾ ಆಯೋಗಕ್ಕೇ ಬರತಕ್ಕದ್ದು.

(ಆ) ಶುಲ್ಕ: ಪಾವತಿಸಿದ ಮೊತ್ತ ರೂ. 5 ಲಕ್ಷದವರೆಗೆ ಇದ್ದಲ್ಲಿ ಶುಲ್ಕವಿಲ್ಲ. ರೂ. 5 ಲಕ್ಷದಿಂದ 10 ಲಕ್ಷದವರೆಗೆ ರೂ. 200. ಗೃಹಬಳಕೆಯ ಸಾಮಾನುಗಳ ಬಹುತೇಕ ದೂರುಗಳು ಶುಲ್ಕರಹಿತ ವರ್ಗಕ್ಕೆ ಸೇರುತ್ತವೆ.

(ಇ) ಸ್ಥಳ: ಎದುರುದಾರರು ಇರುವ ಅಥವಾ ವ್ಯವಹರಿಸುವ ಸ್ಥಳದಲ್ಲಿ, ದೂರಿಗೆ ಕಾರಣ ಉಂಟಾದ ಸ್ಥಳದಲ್ಲಿ ಅಲ್ಲದೆ, ದೂರುದಾರರು ವಾಸಿಸುವ ಅಥವಾ ದುಡಿಯುವ ಸ್ಥಳದಲ್ಲಿಯೂ ದೂರು ಸಲ್ಲಿಸಬಹುದು. ಸಂಸ್ಥೆಯ ಪ್ರಧಾನ ಕಚೇರಿ ಹೊರರಾಜ್ಯದಲ್ಲಿದ್ದರೂ ಬೆಂಗಳೂರಿನ ನಿವಾಸಿಗಳು ಬೆಂಗಳೂರಿನಲ್ಲಿಯೇ ದೂರು ನೀಡಬಹುದು.

(ಈ) ಕಾಲಮಿತಿ: ದೂರಿಗೆ ಕಾರಣ ಉಂಟಾದ ದಿನಾಂಕದಿಂದ ಎರಡು ವರ್ಷ. ವಿಳಂಬಕ್ಕೆ ಸಕಾರಣವಿದ್ದಲ್ಲಿ ಆಯೋಗವು ಮನ್ನಿಸಬಹುದು.

(ಉ) ಲಗತ್ತಿಸಬೇಕಾದ ದಾಖಲೆಗಳು: ದೂರು ಮತ್ತು ಪ್ರಮಾಣಪತ್ರ, ಗುರುತು ಮತ್ತು ವಿಳಾಸದ ದಾಖಲೆ, ಕರಾರು ಪತ್ರ, ಬಾಡಿಗೆ ರಸೀದಿಗಳು, ಒಪ್ಪಿಸಿದ ದಿನದ ವಸ್ತುಗಳ ಪಟ್ಟಿ, ಹಿಂಪಡೆದ ದಿನದ ಟಿಪ್ಪಣಿ, ಛಾಯಾಚಿತ್ರಗಳು, ನಷ್ಟದ ಲೆಕ್ಕಪಟ್ಟಿ, ನೋಟಿಸಿನ ಪ್ರತಿ ಹಾಗೂ ಅಂಚೆ ರಸೀದಿ.

(ಊ) ವಿಚಾರಣೆ: ವಕೀಲರನ್ನು ನೇಮಿಸುವುದು ಕಡ್ಡಾಯವಲ್ಲ. ದೂರಿನ ಅಂಗೀಕಾರವನ್ನು ಸಾಮಾನ್ಯವಾಗಿ 21 ದಿನಗಳಲ್ಲಿ ನಿರ್ಧರಿಸಲಾಗುತ್ತದೆ. ಎದುರುದಾರರು 30 ದಿನಗಳೊಳಗೆ, ಹೆಚ್ಚೆಂದರೆ ಮತ್ತೆ 15 ದಿನಗಳ ವಿಸ್ತರಣೆಯೊಂದಿಗೆ ಉತ್ತರ ಸಲ್ಲಿಸತಕ್ಕದ್ದು. ಹಿಂದಿನ ಅಧಿನಿಯಮದಲ್ಲಿಯೂ ಇದ್ದ ಈ 45 ದಿನಗಳ ಮಿತಿಯು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2020ರ ಮಾರ್ಚ್ 4ರಂದು, ಶೀತಲಗೃಹವೊಂದು ಪಕ್ಷಗಾರನಾಗಿದ್ದ ಪ್ರಕರಣದಲ್ಲಿಯೇ ತೀರ್ಮಾನಿಸಿದೆ. ಪ್ರಯೋಗಾಲಯದ ಪರೀಕ್ಷೆ ಅಗತ್ಯವಿಲ್ಲದ ದೂರುಗಳನ್ನು ಮೂರು ತಿಂಗಳಲ್ಲಿ ಇತ್ಯರ್ಥಪಡಿಸಲು ಪ್ರಯತ್ನಿಸಬೇಕೆಂದು ಅಧಿನಿಯಮ ಹೇಳುತ್ತದೆ. ಪ್ರಕರಣಗಳ ಸಂಖ್ಯೆಯನ್ನು ಅವಲಂಬಿಸಿ ವಾಸ್ತವದಲ್ಲಿ ಹೆಚ್ಚಿನ ಸಮಯ ಹಿಡಿಯಬಹುದು. ಉಭಯ ಪಕ್ಷಗಾರರು ಒಪ್ಪಿದಲ್ಲಿ ಪ್ರಕರಣವನ್ನು ಮಧ್ಯಸ್ಥಿಕೆಗೆ ವಹಿಸಲಾಗುತ್ತದೆ.

(ಋ) ಮೇಲ್ಮನವಿ: ಆದೇಶದ ದಿನಾಂಕದಿಂದ 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಹಣ ಪಾವತಿಸಬೇಕಾದ ಪಕ್ಷಗಾರರು ಮೊತ್ತದ ಶೇ. 50ರಷ್ಟನ್ನು ಠೇವಣಿ ಇಡತಕ್ಕದ್ದು. ಆದೇಶವನ್ನು ಪಾಲಿಸದವರಿಗೆ 72ನೇ ಪ್ರಕರಣದಡಿ ಒಂದು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸ, ಅಥವಾ ರೂ. 25,000ಕ್ಕೆ ಕಡಿಮೆಯಿಲ್ಲದ ಹಾಗೂ ರೂ. 1 ಲಕ್ಷದವರೆಗಿನ ಜುಲ್ಮಾನೆ, ಅಥವಾ ಎರಡನ್ನೂ ವಿಧಿಸಬಹುದು.

ದೂರನ್ನು ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು. 2020ರಲ್ಲಿ ಆರಂಭವಾಗಿದ್ದ ಇ-ದಾಖಿಲ್ ವ್ಯವಸ್ಥೆಯನ್ನು 2025ರಲ್ಲಿ ಇದರೊಂದಿಗೆ ಸೇರಿಸಲಾಗಿದೆ.

9. ರೈಲ್ವೆ ಪಾರ್ಸೆಲ್ ಮತ್ತು ಲಗೇಜ್

ಬೆಂಗಳೂರು ದಂಡು, ಕೃಷ್ಣರಾಜಪುರ ಮುಂತಾದ ನಿಲ್ದಾಣಗಳಿಗೆ ಸಂಬಂಧಿಸಿದ ಬುಕ್ ಮಾಡಿದ ಸಾಮಾನುಗಳಿಗೆ ರೈಲ್ವೆ ಅಧಿನಿಯಮ, 1989 ಅನ್ವಯಿಸುತ್ತದೆ.

- ಸಾಗಾಣಿಕೆ ಮುಗಿದ ನಂತರ 7 ದಿನಗಳವರೆಗೆ ಮಾತ್ರ ರೈಲ್ವೆಯು ಸುಪರ್ದಿದಾರನಾಗಿ ಹೊಣೆ ಹೊರುತ್ತದೆ. ನಂತರದ ನಷ್ಟಕ್ಕೆ ಹೊಣೆಯಿಲ್ಲ (99ನೇ ಪ್ರಕರಣ). ಆದ್ದರಿಂದ ಪಾರ್ಸೆಲ್ ತಲುಪಿದ ಮಾಹಿತಿ ಬಂದ ಕೂಡಲೇ ಬಿಡಿಸಿಕೊಳ್ಳತಕ್ಕದ್ದು.
- ಸಾಮಾನು ಒಪ್ಪಿಸಿದ ದಿನಾಂಕದಿಂದ 6 ತಿಂಗಳೊಳಗೆ ರೈಲ್ವೆ ಆಡಳಿತಕ್ಕೆ ಲಿಖಿತ ಕ್ಲೇಮು ನೋಟಿಸು ನೀಡತಕ್ಕದ್ದು (106ನೇ ಪ್ರಕರಣ).
- ಮೌಲ್ಯ ಘೋಷಿಸದಿದ್ದಲ್ಲಿ ಲಗೇಜಿಗೆ ಕಿಲೋ ಒಂದಕ್ಕೆ ರೂ. 100, ಇತರ ಸಾಮಾನ್ಯ ಸರಕಿಗೆ ರೂ. 50ರ ಮಿತಿ ಇರುತ್ತದೆ. ಅಂದರೆ 25 ಕಿಲೋ ಲಗೇಜ್ ಕಳೆದುಹೋದಲ್ಲಿ ಗರಿಷ್ಠ ರೂ. 2,500. ಬೆಲೆಬಾಳುವ ವಸ್ತುಗಳಿದ್ದಲ್ಲಿ ಮೌಲ್ಯ ಘೋಷಿಸಿ ಹೆಚ್ಚುವರಿ ಶುಲ್ಕ ಪಾವತಿಸುವುದು ಅಗತ್ಯ.
- ಬುಕ್ ಮಾಡಿದ ಸರಕಿನ ನಷ್ಟದ ಅರ್ಜಿಗಳನ್ನು ರೈಲ್ವೆ ಕ್ಲೇಮುಗಳ ನ್ಯಾಯಾಧಿಕರಣದ ಬೆಂಗಳೂರು ಪೀಠಕ್ಕೆ, ಸರಕು ಒಪ್ಪಿಸಿದ ಮೂರು ವರ್ಷಗಳೊಳಗೆ ಸಲ್ಲಿಸತಕ್ಕದ್ದು.
- ಪ್ರಯಾಣಿಕರು ತಮ್ಮ ಬಳಿಯೇ ಇಟ್ಟುಕೊಂಡ ಲಗೇಜಿನ ಬಗ್ಗೆ ರೈಲ್ವೆಯ ನಿರ್ಲಕ್ಷ್ಯವನ್ನು ಅವರೇ ರುಜುವಾತುಪಡಿಸಬೇಕಾಗುತ್ತದೆ (100ನೇ ಪ್ರಕರಣ).

10. ಬ್ಯಾಂಕ್ ಲಾಕರ್

ಚಿನ್ನಾಭರಣ ಹಾಗೂ ಮೂಲ ದಾಖಲೆಗಳನ್ನು ಗೋದಾಮಿನಲ್ಲಿ ಇಡುವುದು ಸೂಕ್ತವಲ್ಲ. ಬ್ಯಾಂಕ್ ಲಾಕರ್‌ಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 2021ರ ಫೆಬ್ರವರಿ 19ರಂದು ನೀಡಿದ ತೀರ್ಪಿನ ನಂತರ ಭಾರತೀಯ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 18ರಂದು ನಿರ್ದೇಶನಗಳನ್ನು ಹೊರಡಿಸಿದ್ದು, ಅವು 2022ರ ಜನವರಿ 1ರಿಂದ ಜಾರಿಗೆ ಬಂದವು. ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ ಅಥವಾ ನೌಕರರ ವಂಚನೆಯಿಂದ ನಷ್ಟವಾದಲ್ಲಿ ಬ್ಯಾಂಕಿನ ಹೊಣೆಯು ವಾರ್ಷಿಕ ಬಾಡಿಗೆಯ ನೂರು ಪಟ್ಟು ಇರುತ್ತದೆ. ವಾರ್ಷಿಕ ಬಾಡಿಗೆ ರೂ. 3,000 ಇದ್ದಲ್ಲಿ ಈ ಮೊತ್ತ ರೂ. 3 ಲಕ್ಷವಾಗುತ್ತದೆ.

11. ವಿಮೆ

ಕೆಲವು ಸಾಗಣೆ ಸಂಸ್ಥೆಗಳು ವಿಮೆಯ ಹೆಸರಿನಲ್ಲಿ ಹಣ ಪಡೆಯುತ್ತವೆ. ವಿಮಾ ಕಂಪನಿ ನೀಡಿದ ಪಾಲಿಸಿಯ ಸಂಖ್ಯೆ, ಗ್ರಾಹಕರ ಹೆಸರು ಹಾಗೂ ಅವಧಿ ಇರುವ ಪತ್ರವನ್ನು ಪಡೆದುಕೊಂಡಲ್ಲಿ ಮಾತ್ರ ಅದು ವಿಮೆಯಾಗುತ್ತದೆ. ಸಾಗಾಣಿಕೆಯ ವಿಮೆಯು ದಾಸ್ತಾನಿನ ಅವಧಿಗೂ ಅನ್ವಯಿಸುತ್ತದೆಯೇ ಎಂಬುದನ್ನು ಮುಂಚಿತವಾಗಿ ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ವಿಮಾ ಕಂಪನಿಯು ಕ್ಲೇಮು ನಿರಾಕರಿಸಿದಲ್ಲಿ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.

12. ಪೊಲೀಸ್ ದೂರು ಯಾವಾಗ?

ವಸ್ತುಗಳನ್ನು ಮಾರಿಕೊಂಡಿರುವ, ದುರುಪಯೋಗಪಡಿಸಿಕೊಂಡಿರುವ ಅಥವಾ ಗೋದಾಮನ್ನೇ ಖಾಲಿ ಮಾಡಿ ಪರಾರಿಯಾಗಿರುವ ಸಂದರ್ಭಗಳಲ್ಲಿ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸತಕ್ಕದ್ದು. ಸಾಗಣೆದಾರರು ಅಥವಾ ಗೋದಾಮು ಪಾಲಕರು ಎಸಗುವ ನಂಬಿಕೆ ದ್ರೋಹಕ್ಕೆ ಭಾರತೀಯ ನ್ಯಾಯ ಸಂಹಿತೆ, 2023ರ 316(3)ನೇ ಪ್ರಕರಣದಡಿ ಏಳು ವರ್ಷಗಳವರೆಗೆ ಸೆರೆವಾಸ ಮತ್ತು ಜುಲ್ಮಾನೆ ಇದೆ. ಸರಹದ್ದಿನ ಕಾರಣ ನೀಡಿ ದೂರನ್ನು ನಿರಾಕರಿಸುವಂತಿಲ್ಲ. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯಬಹುದು. ಕೇವಲ ಅಜಾಗರೂಕತೆಯಿಂದ ವಸ್ತು ಹಾಳಾಗಿದ್ದಲ್ಲಿ ಅದು ಅಪರಾಧವಾಗದೆ ಸೇವಾ ನ್ಯೂನತೆಯಾಗುತ್ತದೆ. ಅದಕ್ಕೆ ಗ್ರಾಹಕ ಆಯೋಗವೇ ಸೂಕ್ತ.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕರಾರು ಪತ್ರವೇ ಇಲ್ಲದಿದ್ದರೆ?
ಉತ್ತರ: ಹಣ ಪಾವತಿಯ ದಾಖಲೆ, ವಾಟ್ಸ್‌ಆ್ಯಪ್ ಸಂದೇಶ, ಇ-ಮೇಲ್ ಮೂಲಕ ಸೇವೆ ಪಡೆದುದನ್ನು ತೋರಿಸಬಹುದು. ಸಂದೇಶಗಳನ್ನು ಅಳಿಸಬಾರದು.

ಪ್ರಶ್ನೆ: ಅಂಗಡಿಯ ಮಾರಾಟದ ಸರಕನ್ನು ದಾಸ್ತಾನಿಗೆ ಇಟ್ಟಿದ್ದರೆ?
ಉತ್ತರ: ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆಯು ಗ್ರಾಹಕರ ಸಂರಕ್ಷಣಾ ಅಧಿನಿಯಮದ ವ್ಯಾಪ್ತಿಗೆ ಸಾಮಾನ್ಯವಾಗಿ ಬರುವುದಿಲ್ಲ. ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ಇಡಲು ಕೊಟ್ಟ ವಸ್ತುವನ್ನು ಮರಳಿ ಪಡೆಯುವ ದಾವೆಗೆ, ಕೇಳಿದ ನಂತರ ನಿರಾಕರಿಸಿದ ದಿನಾಂಕದಿಂದ ಮೂರು ವರ್ಷದ ಕಾಲಮಿತಿ ಇದೆ.

ಪ್ರಶ್ನೆ: ಬಿಟ್ಟಿಯಾಗಿ ಪರಿಚಿತರ ಮನೆಯಲ್ಲಿ ಇಟ್ಟ ಸಾಮಾನು ಹಾಳಾದರೆ?
ಉತ್ತರ: ಹಣ ಪಾವತಿಸದ ಸೇವೆಗೆ ಗ್ರಾಹಕ ಆಯೋಗದಲ್ಲಿ ಅವಕಾಶವಿಲ್ಲ. ಆದರೂ ಕರಾರು ಅಧಿನಿಯಮದ 151ನೇ ಪ್ರಕರಣದ ಎಚ್ಚರಿಕೆಯ ಹೊಣೆ ಇರುತ್ತದೆ.

14. ಉಚಿತ ಕಾನೂನು ನೆರವು

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಅಂಗವಿಕಲರು, ಪ್ರವಾಹದಂತಹ ವಿಕೋಪಕ್ಕೆ ತುತ್ತಾದವರು, ಕೈಗಾರಿಕಾ ಕಾರ್ಮಿಕರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರು ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ನೆರವು ಪಡೆಯಲು ಅರ್ಹರು. ಸಹಾಯವಾಣಿ: 15100. ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯು ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿದೆ.

15. ನೆನಪಿಡಬೇಕಾದ ಕಾಲಮಿತಿಗಳು

ರೈಲ್ವೆ ಪಾರ್ಸೆಲ್ ಬಿಡಿಸಿಕೊಳ್ಳಲು: 7 ದಿನ
ರಸ್ತೆ ಸಾಗಣೆದಾರರಿಗೆ ನೋಟಿಸು: ಬುಕ್ ಮಾಡಿದ ದಿನದಿಂದ 180 ದಿನ
ರೈಲ್ವೆಗೆ ಕ್ಲೇಮು ನೋಟಿಸು: ಒಪ್ಪಿಸಿದ ದಿನದಿಂದ 6 ತಿಂಗಳು
ಗ್ರಾಹಕ ಆಯೋಗಕ್ಕೆ ದೂರು: 2 ವರ್ಷ
ರೈಲ್ವೆ ಕ್ಲೇಮುಗಳ ನ್ಯಾಯಾಧಿಕರಣಕ್ಕೆ ಅರ್ಜಿ: 3 ವರ್ಷ

ಸಂಸ್ಥೆಯವರೊಂದಿಗೆ ಮಾತುಕತೆ ನಡೆಯುತ್ತಿದೆಯೆಂಬ ಕಾರಣಕ್ಕೆ ಮೇಲ್ಕಂಡ ಅವಧಿಗಳು ತಾವಾಗಿಯೇ ವಿಸ್ತರಣೆಯಾಗುವುದಿಲ್ಲ. “ಮುಂದಿನ ವಾರ ನೋಡೋಣ” ಎಂಬ ಬಾಯಿಮಾತಿನ ಭರವಸೆಯನ್ನು ನಂಬಿ ಕಾಯುವ ಬದಲು, ಮಾತುಕತೆಯನ್ನು ಮುಂದುವರಿಸುತ್ತಲೇ ನೋಟಿಸನ್ನು ಸಕಾಲದಲ್ಲಿ ಕಳುಹಿಸಿ ಅಂಚೆ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.

ಸೂಚನೆ: ಮೇಲ್ಕಂಡ ವಿವರಗಳು ಸಾರ್ವಜನಿಕರ ಮಾಹಿತಿಗಾಗಿ ಮಾತ್ರ. ಅಧಿನಿಯಮ ಮತ್ತು ನಿಯಮಗಳ ಮೂಲ ಪಾಠವೇ ಅಂತಿಮವಾಗಿರುತ್ತದೆ.